ಏಳು ಬಾಯಿ, ಒಂದೇ ನಾಲಿಗೆ

"ಏಳೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ಕಣೋ," ಎಂದಳು ಚೀಟಿಯಕ್ಕ, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ.

ಎದುರಿಗೆ ತಮ್ಮ ಕೂತಿದ್ದ. ಕೂತಿದ್ದ ಅನ್ನುವುದು ಬರೀ ಮಾತಿಗೆ. ಅವನ ಬಲಗಾಲು ಮೇಜಿನ ಕೆಳಗೆ ಹೊಲಿಗೆ ಮಿಷನ್ನಿನಂತೆ ಕುಣಿಯುತ್ತಿತ್ತು. ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ಅದಕ್ಕೆ ತಾಳ ಹಾಕುತ್ತಿತ್ತು.

"ಕಾಲು ನಿಲ್ಲಿಸು."

"ನಾನೆಲ್ಲಿ ಆಡಿಸ್ತಿದೀನಿ ಅಕ್ಕಾ? ಅದಾಗೇ ಆಡ್ತಿದೆ."

ಗ್ರಂಥಾಲಯದ ಗೋಡೆ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು. ನಾಲ್ಕಕ್ಕೆ ದೂರಸಂಪರ್ಕ ಆಯೋಗದ ವಿಚಾರಣೆ. ಇಂಟರ್ನೆಟ್ ಕಂಪನಿ ಕೆಲವು ಜಾಲತಾಣಗಳ ಕಾಲು ಕಟ್ಟುತ್ತಿದೆ ಎಂದು ತೋರಿಸಲು ಈ ಲೈನ್‌ಮ್ಯಾನ್ ತಮ್ಮ ಹೊರಗೆ ತಂದ ಹಾಳೆ ಖೋಟಾ ಎಂದು ಅಲ್ಲಿ ತೀರ್ಮಾನವಾದರೆ ಅವನು ಮನೆಗೆ ಬರುವುದಿಲ್ಲ. ಅಲ್ಲಿಂದಲೇ ಪೊಲೀಸ್ ಜೀಪು ಹತ್ತುತ್ತಾನೆ.

ಹಾಳೆಯಲ್ಲಿದ್ದದ್ದು ಆರೇ ಸಾಲು. ಕಳೆದ ವರ್ಷದ ಆರನೇ ತಿಂಗಳು, ಹದಿಮೂರನೇ ತಾರೀಖು. ಕೆಳಗಿನ ತಾಣಗಳ ವೇಗ ಇಳಿಸತಕ್ಕದ್ದು: ಕಾರ್ಮಿಕರ ಸಂಘದ್ದು, ಒಂದು ಪುಟ್ಟ ಪತ್ರಿಕೆಯದು, ನರ್ಸುಗಳು ಸೇರಿ ನಡೆಸುವ ಆರೋಗ್ಯ ಸಲಹೆಯದು, ಪುಕ್ಕಟೆ ಮೆಸೇಜು ಕಳಿಸುವ ಒಂದು ಆ್ಯಪಿನದು. ಕಂಪನಿಗೆ ಕಪ್ಪ ಒಪ್ಪಿಸದವರೆಲ್ಲ ಆ ಪಟ್ಟಿಯಲ್ಲಿದ್ದರು. ಈಗ ಅದೇ ಕಂಪನಿ, ಕೊಟ್ಟವರಿಗೆ ಹೆದ್ದಾರಿ, ಕೊಡದವರಿಗೆ ಕಾಲುದಾರಿ ಎಂದು ನಿಯಮವನ್ನೇ ತಿದ್ದಿಸಿಕೊಳ್ಳಲು ಆಯೋಗದ ಮುಂದೆ ಅರ್ಜಿ ಹಿಡಿದು ನಿಂತಿತ್ತು. ಕದ್ದು ಮಾಡಿದ್ದನ್ನು ಹಗಲಲ್ಲಿ ಮಾಡಲು ಪರವಾನಗಿ.

"ನೆಟ್ ನ್ಯೂಟ್ರಾಲಿಟಿ ಅಂತ ಬಾಯಿ ತುಂಬೋ ಹೆಸರಿಟ್ಟು ಜನರನ್ನ ಹೆದರಿಸ್ತಾರೆ," ಎಂದಿದ್ದ ತಮ್ಮ, ಹಾಳೆ ತಂದ ದಿನ. "ಇರೋದು ಇಷ್ಟೇ ಅಕ್ಕಾ. ನನ್ನ ಮೇಲೆ ಯಾರ ಮಾತು ಹೋಗ್ತಿದೆ ಅಂತ ತಂತಿ ಕೇಳಬಾರದು. ಹದಿನೆಂಟು ವರ್ಷ ಕಂಬ ಹತ್ತಿದೀನಿ. ತಂತಿಗೆ ಕಿವಿ ಅಂಟಿಸೋದು ನನ್ನ ಕೆಲಸ ಅಲ್ಲ."

ಅಷ್ಟಕ್ಕೇ ಕೆಲಸ ಹೋಯಿತು. ಕಂಪನಿ ಕೊಟ್ಟಿದ್ದ ಫೋನ್ ನಂಬರನ್ನೂ ಕಂಪನಿಯೇ ಕಿತ್ತುಕೊಂಡಿತು. ಈಗ ಅವನಿಗೆ ಯಾರೂ ಫೋನ್ ಮಾಡುವಂತಿಲ್ಲ. ಎಲ್ಲಾದರೂ ವೈಫೈ ಸಿಕ್ಕರೆ ಆ ಪುಕ್ಕಟೆ ಆ್ಯಪಿನಲ್ಲಿ ಮೆಸೇಜು ಬರುತ್ತದೆ, ಅಷ್ಟೇ. ಪಟ್ಟಿಯಲ್ಲಿದ್ದ ಅದೇ ಆ್ಯಪು.

ಅವನ ಹಾಳೆಗೆ ಎದುರಾಗಿ ಕಂಪನಿ ಇಟ್ಟದ್ದು ಬಳಕೆದಾರರ ಕೂಟವೊಂದರ ವರದಿ. ಹನ್ನೆರಡು, ಹದಿಮೂರು, ಹದಿನಾಲ್ಕು, ಈ ಮೂರೂ ದಿನ ಒಂದು ಸಾರ್ವಜನಿಕ ಸ್ಥಳದಲ್ಲಿ ಆರುನೂರ ನಲವತ್ತು ಸಲ ಪರೀಕ್ಷಿಸಿದ್ದೇವೆ, ಎಲ್ಲ ತಾಣಗಳೂ ಒಂದೇ ವೇಗದಲ್ಲಿ ಓಡಿವೆ, ಎನ್ನುತ್ತಿತ್ತು ಅದು. ಸಾಲದ್ದಕ್ಕೆ ಏಳು ಕಡೆ ಏಳು ಜನ ಅದನ್ನೇ ಬರೆದಿದ್ದರು.

ಆ ಏಳು ಜನ ಈಗ ಚೀಟಿಯಕ್ಕನ ಮೇಜಿನ ಮೇಲೆ ಏಳು ಚೀಟಿಗಳಾಗಿ ಮಲಗಿದ್ದರು.

ಅವಳ ಅಡ್ಡಹೆಸರು ಬಂದದ್ದೇ ಹೀಗೆ. ಗ್ರಂಥಾಲಯಕ್ಕೆ ಕಂಪ್ಯೂಟರು ಬಂದ ಮೇಲೆ ಹಳೆಯ ಪುಸ್ತಕಪಟ್ಟಿಯ ಕಾರ್ಡುಗಳನ್ನು ರದ್ದಿಗೆ ಹಾಕಿ ಅಂದರು. ಕೆಳಗಡೆ ದುಂಡನೆ ತೂತಿರುವ ಆ ದಪ್ಪ ಕಾರ್ಡುಗಳನ್ನು ಅವಳು ಉದ್ದಕ್ಕೆ ಅರ್ಧಕ್ಕರ್ಧ ಕತ್ತರಿಸಿಟ್ಟುಕೊಂಡಳು. ಕತ್ತರಿ ಸರಿಯಾಗಿ ತೂತಿನ ನಡುವೆ ಹೋಗುತ್ತಿತ್ತು. ಒಂದೊಂದು ಚೂರಿನ ಅಂಚಿನಲ್ಲೂ ಅರ್ಧಚಂದ್ರ ಉಳಿಯುತ್ತಿತ್ತು. ಒಂದು ಕಂತೆ ತನಗೆ, ಉಳಿದದ್ದು ಭಾನುವಾರದ ಓದುಕೂಟದವರಿಗೆ. ಯಾರಾದರೂ ಏನಾದರೂ ಹೇಳಿದರೆ ಚೀಟಿಯ ಮೇಲೆ ನಾಲ್ಕು ಪ್ರಶ್ನೆ ಬೀಳುತ್ತಿದ್ದವು.

ಹೇಳಿದವರು ಯಾರು? ಕಂಡು ಹೇಳಿದರೋ, ಕೇಳಿ ಹೇಳಿದರೋ? ಯಾರ ಅನ್ನ ಉಂಡು ಹೇಳಿದರು? ಇದನ್ನೇ ಇನ್ನೊಬ್ಬರು ತಾವಾಗಿ ಕಂಡಿದ್ದಾರೋ?

ಈ ನಾಲ್ಕನ್ನು ಕಲಿಸಿದವರು ಓದುಕೂಟದ ಮೇಷ್ಟ್ರು. ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಕೋಣೆಯಲ್ಲಿ. ಆಗ ಅವಳಿಗೆ ಇಪ್ಪತ್ತಮೂರು. ಪೇಪರಿನಲ್ಲಿ ಅಚ್ಚಾದದ್ದೆಲ್ಲ ನಿಜ ಅಂದುಕೊಂಡಿದ್ದ ಕಾಲ. ಈಗ ಆಯೋಗ ಆ ಮೇಷ್ಟ್ರನ್ನೇ ಮೂಲ ಪರಿಶೀಲಕರನ್ನಾಗಿ ಕೂರಿಸಿತ್ತು. ಎರಡು ಕಡೆಯ ಕಾಗದಗಳಲ್ಲಿ ಯಾವುದನ್ನು ನಂಬಬಹುದು ಎಂದು ಹೇಳುವವರು ಅವರೇ. ಆ ಸುದ್ದಿ ಕೇಳಿದ ದಿನ ಚೀಟಿಯಕ್ಕ ಎಷ್ಟೋ ವಾರಗಳ ಮೇಲೆ ನೆಮ್ಮದಿಯಿಂದ ಉಂಡಿದ್ದಳು.

"ನೋಡು," ಎಂದು ಅವಳು ಚೀಟಿಗಳನ್ನು ತಮ್ಮನ ಕಡೆ ತಳ್ಳಿದಳು. "ಅಂಕಣಕಾರರು ಯಾರನ್ನ ನಂಬಿ ಬರೆದರು? ಅರ್ಥಶಾಸ್ತ್ರಜ್ಞರನ್ನ. ಅರ್ಥಶಾಸ್ತ್ರಜ್ಞರು? ಕಾಲೇಜಿನ ವಾರ್ತಾಪತ್ರವನ್ನ. ವಾರ್ತಾಪತ್ರ? ಗೃಹಿಣಿಯರ ಬಳಗದ ಪುಟವನ್ನ. ಗೃಹಿಣಿಯರು?"

"ಗೃಹಿಣಿಯರು ಅಂಕಣಕಾರರನ್ನ ನಂಬಿದ್ರಾ?"

"ಹೂಂ. ಕುಂಟಾಬಿಲ್ಲೆ ಆಡಿದ ಹಾಗೆ ಸುತ್ತು ಬಂದಿದಾರೆ. ಒಬ್ಬರೂ ಕಂಡವರಲ್ಲ. ಉಳಿದ ಮೂರೂ ನೇರ ಕೂಟದ ವರದಿಗೇ ಹೋಗಿ ಬೀಳುತ್ವೆ. ಈ ಅರ್ಥಶಾಸ್ತ್ರಜ್ಞರ ಮುಖ ನೋಡು."

ಬಿಳಿ ಗಡ್ಡ, ಚಿನ್ನದ ಬಣ್ಣದ ಕನ್ನಡಕ, ಲೋಕದ ಭಾರವನ್ನೆಲ್ಲ ಹೊತ್ತ ನಗು.

"ದೊಡ್ಡ ಮನುಷ್ಯರ ಹಾಗೆ ಕಾಣ್ತಾರಪ್ಪ."

"ಈಗ ಇದನ್ನ ನೋಡು." ಅವಳು ಇನ್ನೊಂದು ಪುಟ ತೆರೆದಳು. ಕನ್ನಡಕದ ಅಂಗಡಿಯೊಂದರ ಜಾಹೀರಾತು. ಅದೇ ಗಡ್ಡ, ಅದೇ ನಗು. ಕನ್ನಡಕ ಮಾತ್ರ ಬೇರೆ.

ತಮ್ಮನ ಕಾಲು ಒಂದು ಗಳಿಗೆ ನಿಂತಿತು. "ಎರಡು ಕೆಲಸ ಮಾಡ್ತಾರೇನೋ ಅಕ್ಕಾ. ಬೆಲೆ ಏರಿದೆ."

ಅವಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಸುಳ್ಳಿಗೆ ಈಗ ಹರಕು ಬಟ್ಟೆ ತೊಡಿಸಿ ಯಾರೂ ಬೀದಿಗೆ ಬಿಡುವುದಿಲ್ಲ. ಅಡಿಟಿಪ್ಪಣಿ ಉಡಿಸುತ್ತಾರೆ, ಪದವಿ ಹೊದಿಸುತ್ತಾರೆ, ಅಂಕಿಸಂಖ್ಯೆಯ ಊರುಗೋಲು ಕೊಟ್ಟು, ಬಡವನ ಹಾಳೆಯ ಎದುರು ಕುರ್ಚಿ ಹಾಕಿ ಕೂರಿಸುತ್ತಾರೆ. ಬಡವ ಮಾತ್ರ ನಿಂತೇ ಇರಬೇಕು.

ಇನ್ನೊಂದು ಸಂಗತಿ ಅವಳನ್ನು ಬೆಳಗಿನಿಂದ ಕುಟುಕುತ್ತಿತ್ತು. ಪರೀಕ್ಷೆ ನಡೆದದ್ದು ಹೋದ ವರ್ಷ. ಏಳೂ ಬರಹಗಳಿಗೆ ಆಗಿದ್ದ ವಯಸ್ಸು ಐದೇ ವಾರ. ತಮ್ಮ ಹಾಳೆ ಹೊರಗೆ ತಂದದ್ದು ಆರು ವಾರದ ಹಿಂದೆ.

ಪರದೆಯ ಮೂಲೆಯಲ್ಲಿ ಕೂಟದ ಪೂರ್ತಿ ವರದಿ ಮೂರು ಗಂಟೆಗಳಿಂದ ತೆವಳುತ್ತ ಇಳಿಯುತ್ತಿತ್ತು. ಆಯೋಗ ಅವಳಿಗೆ ಕೊಟ್ಟಿದ್ದದ್ದು ಎರಡು ಪುಟದ ಸಾರಾಂಶ. ಈಗ ನಲವತ್ತೆಂಟು ಪುಟಗಳೂ ಬಂದು ಬಿದ್ದವು. ಅವಳು ಹಿಂದಿನಿಂದ ಓದತೊಡಗಿದಳು. ಮುಚ್ಚಿಡಬೇಕಾದದ್ದನ್ನು ಜನ ಯಾವಾಗಲೂ ಹಿಂಬದಿಯಲ್ಲಿಡುತ್ತಾರೆ.

ಮೂವತ್ತೊಂದನೇ ಪುಟ. ಪರೀಕ್ಷೆ ನಡೆದ ಸ್ಥಳ.

ಅವಳು ಎರಡು ಸಲ ಓದಿದಳು. ಆಮೇಲೆ ಕುರ್ಚಿಯಿಂದೆದ್ದು ಗೋಡೆಯ ಪಕ್ಕದಲ್ಲಿದ್ದ ನಾಲ್ಕು ಸಾರ್ವಜನಿಕ ಕಂಪ್ಯೂಟರುಗಳನ್ನು ಹೊಸದಾಗಿ ಕಂಡವಳ ಹಾಗೆ ನೋಡಿದಳು. ಅದರಲ್ಲೊಂದು ಕೆಟ್ಟು ಎಷ್ಟೋ ಕಾಲವಾಗಿತ್ತು. ಮೇಲೆ ಟೋಪಿಯಂತೆ ಬಟ್ಟೆ ಹೊದಿಸಿದ್ದರು.

"ಇಲ್ಲೇ ಕಣೋ. ಪರೀಕ್ಷೆ ಮಾಡಿದ್ದು ಇಲ್ಲೇ ಅಂತೆ. ನಮ್ಮ ಗ್ರಂಥಾಲಯದಲ್ಲಿ."

"ಯಾವಾಗ?"

"ಹನ್ನೆರಡು, ಹದಿಮೂರು, ಹದಿನಾಲ್ಕು."

ತಮ್ಮನ ಮುಖ ಇಳಿಯಿತು. "ಮುಗೀತು ಬಿಡು. ನಿನ್ನ ಜಾಗವನ್ನೇ ಸಾಕ್ಷಿಗೆ ಕರೆದಿದಾರೆ."

"ಬಾಯಿ ಮುಚ್ಕೋ." ಅವಳು ಕೈ ಎತ್ತಿ ತಡೆದಳು. "ಆ ವಾರ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿತ್ತು, ನೆನಪಿದೆಯಾ? ದಿನಾ ಆಸ್ಪತ್ರೆಗೆ ಹೋಗಿ ಪೇಪರ್ ಓದಿ ಹೇಳ್ತಿದ್ದೆ. ಕೆಲಸದ ದಿನ ನಾನು ಹೇಗೆ ಹೋದೆ? ರಜೆ ಹಾಕಿದವಳಲ್ಲ ನಾನು."

"ಹೇಗೆ ಹೋದೆ?"

"ಗೆದ್ದಲು!"

ಅವಳು ಬೀರು ತೆಗೆದು ಕೆಂಪು ಬೆನ್ನಿನ ರಿಜಿಸ್ಟರನ್ನು ಹೊರಗೆಳೆದಳು. ಯಾವ ದಿನ ಯಾರು ಬಂದರು, ಏನು ಓದಿದರು, ಎಲ್ಲ ಅದರಲ್ಲಿ ಕೈಬರಹದಲ್ಲಿತ್ತು. ಬೆರಳು ಸಾಲುಗಳ ಮೇಲೆ ಓಡಿ ನಿಂತಿತು. ಹನ್ನೊಂದನೇ ತಾರೀಖಿನ ಓದುಗರ ಕೆಳಗೆ, ಹದಿನೈದರ ಓದುಗರ ಮೇಲೆ, ಮೂರು ಸಾಲು: ಗೆದ್ದಲಿಗೆ ವಿಷದ ಹೊಗೆ ಹಾಕಲಾಗಿದೆ. ಹನ್ನೆರಡು ಬೆಳಿಗ್ಗೆ ಎಂಟಕ್ಕೆ ಬೀಗ, ಮುದ್ರೆ. ಹದಿನೈದು ಬೆಳಿಗ್ಗೆ ತೆರೆಯಲಾಯಿತು. ಒಳಗೆ ಯಾರೂ ಹೋಗಿಲ್ಲ. ಕೆಳಗೆ ಔಷಧಿಯವನ ಸಹಿ, ಅವಳ ಸಹಿ.

"ಆ ಮೂರು ದಿನ ಇಲ್ಲಿ ಉಸಿರಾಡಿದವರು ಯಾರೂ ಬದುಕ್ತಿರಲಿಲ್ಲ," ಎಂದಳು ಚೀಟಿಯಕ್ಕ. "ಆರುನೂರ ನಲವತ್ತು ಪರೀಕ್ಷೆ ಗೆದ್ದಲು ಮಾಡಿರಬೇಕು."

ತಮ್ಮ ನಕ್ಕ. ಆರು ವಾರಗಳಲ್ಲಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕ. ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಅಕ್ಕ ಕಂಡೂ ಕಾಣದಂತಿದ್ದಳು.

ಈ ಮೂರು ಸಾಲು ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ. ಔಷಧಿಯವನು ಅಂಗಡಿ ಮುಚ್ಚಿ ಎತ್ತ ಹೋದನೋ. ಮೇಲಿನ ಕಚೇರಿಯ ಕಡತ ನೀರು ಕುಡಿದು ಮುದ್ದೆಯಾಗಿತ್ತು. ಆಗ ಗ್ರಂಥಾಲಯ ಮುಚ್ಚಿತ್ತು ಎಂದು ನೂರು ಜನ ಹೇಳಬಹುದು, ಯಾವ ತಾರೀಖು ಎಂದು ಒಬ್ಬರೂ ಹೇಳಲಾರರು.

ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು.

"ಮೇಷ್ಟ್ರೇ, ಸಿಕ್ಕಿತು."

"ಮೊದಲು ಉಸಿರು ತಗೋ ಮಗೂ. ಏನು ಸಿಕ್ಕಿತು?"

"ಕೂಟದವರು ಪರೀಕ್ಷೆ ಮಾಡಿದ್ದು ನಮ್ಮ ಗ್ರಂಥಾಲಯದಲ್ಲಿ ಅಂತೆ. ಆ ಮೂರೂ ದಿನ ನಾವು ಬೀಗ ಹಾಕಿದ್ವಿ."

ಫೋನು ಕಟ್ಟಾಯಿತೇನೋ ಎಂದು ಅವಳು ಕಿವಿಯಿಂದ ತೆಗೆದು ನೋಡಿದಳು.

"ಬೀಗ ಹಾಕಿದ್ರಾ?" ಎಂದರು ಮೇಷ್ಟ್ರು.

"ಗೆದ್ದಲು ಹಿಡಿದಿತ್ತು. ನಿಮಗೆ ಆಗ ಹೇಳಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು ಮಲಗಿದ್ರಿ. ಪುಸ್ತಕಗಳು ಏನಾದವೋ ಅಂತ ಒದ್ದಾಡ್ತೀರಿ ಅಂದ್ಕೊಂಡೆ."

"ಬರಹದಲ್ಲಿ ಇದೆಯಾ?"

"ಓದುಗರ ರಿಜಿಸ್ಟರಲ್ಲಿದೆ. ಸಹಿ ಸಮೇತ."

"ಭೇಷ್. ನಾನು ಎರಡು ಗಂಟೆಯಿಂದ ಆಯೋಗದ ಒಂಬತ್ತನೇ ಕೋಣೆಯಲ್ಲಿರ್ತೀನಿ. ಮೂಲವನ್ನೇ ಕಳಿಸು, ನೇರ ನನ್ನ ಕೈಗೆ. ಮತ್ತೆ ಮಗೂ, ಯಾರಿಗೂ ಬಾಯಿ ಬಿಡಬೇಡ. ಅವರ ಕಿವಿ ಎಲ್ಲೆಲ್ಲೂ ಇರುತ್ತೆ."

ಫೋನು ಇಟ್ಟಾಗ ತಮ್ಮ ತನ್ನ ಫೋನಿನ ಕ್ಯಾಮೆರಾ ತೆರೆದು ರಿಜಿಸ್ಟರಿನ ಮೇಲೆ ಬಾಗಿದ್ದ. ಅವಳು ಫಟ್ಟನೆ ಕೈಗೆ ಹೊಡೆದಳು.

"ಏನು ಮಾಡ್ತಿದೀಯ?"

"ಒಂದು ಫೋಟೋ ಇರಲಿ ಅಕ್ಕಾ. ದಾರೀಲಿ ಹೆಚ್ಚುಕಮ್ಮಿ ಆದ್ರೆ?"

"ಓದುಗರ ರಿಜಿಸ್ಟರಿಗೆ ಫೋಟೋ ಇಲ್ಲ, ನಕಲಿಲ್ಲ. ಯಾರು ಏನು ಓದಿದರು ಅನ್ನೋದು ಊರಿಗೆಲ್ಲ ಬೇಕಾಗಿಲ್ಲ. ಪೊಲೀಸರು ಬಂದು ಕೇಳಿದಾಗಲೂ ಕೊಟ್ಟಿಲ್ಲ ನಾವು."

"ಮೂರು ಸಾಲಷ್ಟೇ ತೆಗೀತೀನಿ. ಬೇರೆ ಹೆಸರುಗಳ ಮೇಲೆ ಹೆಬ್ಬೆರಳು ಇಟ್ಟಿರ್ತೀನಿ."

"ನಿನ್ನ ಹೆಬ್ಬೆರಳು ಅಷ್ಟು ದಪ್ಪ ಇಲ್ಲ. ನೀನೇ ಹೇಳಿದ್ಯಲ್ಲ, ತಂತಿ ಕಿವಿ ಕೊಡಬಾರದು ಅಂತ? ನಾನೂ ತಂತಿನೇ ಕಣೋ."

ಆ ನಿಯಮ ಮಾಡಿದವರೂ ಮೇಷ್ಟ್ರೇ. ಇಪ್ಪತ್ತು ವರ್ಷದಲ್ಲಿ ಅವಳು ಅದನ್ನು ಒಂದೇ ಒಂದು ಸಲವೂ ಮುರಿದಿರಲಿಲ್ಲ. ತಮ್ಮ ಗೊಣಗುತ್ತ ರಿಜಿಸ್ಟರನ್ನು ಚೀಲಕ್ಕಿಳಿಸಿದ. ಬಾಗಿಲ ಬಳಿ ತಿರುಗಿ, "ಆಯೋಗದಲ್ಲಿ ವೈಫೈ ಇದೆಯಂತೆ. ತಲುಪಿದ ಕೂಡಲೇ ಮೆಸೇಜ್ ಹಾಕ್ತೀನಿ," ಎಂದ. "ನೀನು ಬರಲ್ವಾ?"

"ಇನ್ನೊಂದು ಪ್ರಶ್ನೆ ಬಾಕಿ ಇದೆ. ಹೇಳಿದವರು ಯಾರು ಅಂತ ನೋಡ್ಕೊಂಡು ಬರ್ತೀನಿ."

ವರದಿಯ ಕೊನೆಯ ಪುಟದಲ್ಲಿ ಕೂಟದ ವಿಳಾಸವಿತ್ತು.

*

ಹಳೆಯ ಛಾಪಖಾನೆಯ ಹಿಂದಿನ ಬೀದಿ. ಒಂದು ಬದಿ ಸೈಕಲ್ ರಿಪೇರಿ, ಇನ್ನೊಂದು ಬದಿ ಬೀಗದ ಕೈ ಮಾಡುವವನು. ನಡುವೆ ಒಬ್ಬರೇ ನಿಲ್ಲಬಹುದಾದಷ್ಟು ಕಿರಿದಾದ ಮೆಟ್ಟಿಲು. ವಿಳಾಸದಲ್ಲಿ 'ಕೋಣೆ ಹದಿನಾಲ್ಕು' ಎಂದಿತ್ತು. ಮೇಲೆ ಹೋಗಿ ನೋಡಿದರೆ ಅಲ್ಲಿದ್ದದ್ದು ಒಂದೇ ಕೋಣೆ.

ಗೋಡೆಯ ತುಂಬ ತಗಡಿನ ಪೆಟ್ಟಿಗೆಗಳು. ಒಂದೊಂದಕ್ಕೂ ನಂಬರು, ಪುಟ್ಟ ಬೀಗ, ಕಾಗದ ತೂರಿಸಲು ಸೀಳು. ಹದಿನಾಲ್ಕನೆಯ ಕೋಣೆ ಎಂದರೆ ಹದಿನಾಲ್ಕನೆಯ ಪೆಟ್ಟಿಗೆ. ಅಂಗೈ ಅಗಲದ ಆ ತಗಡಿನೊಳಗೆ ಸಾವಿರಾರು ಸದಸ್ಯರ ಕೂಟ ವಾಸವಾಗಿತ್ತು.

ಮೇಜಿನ ಹಿಂದೆ ಅರವತ್ತು ದಾಟಿದ ಹೆಂಗಸೊಬ್ಬಳು ಕಾಗದಗಳನ್ನು ವಿಂಗಡಿಸುತ್ತಿದ್ದಳು. ಕನ್ನಡಕ ದಾರದಲ್ಲಿ ಕುತ್ತಿಗೆಗೆ ತೂಗುತ್ತಿತ್ತು. ಬೀದಿಯವರು ಅವಳನ್ನು ಪೆಟ್ಟಿಗೆಯಮ್ಮ ಎನ್ನುತ್ತಾರೆಂದು ಸೈಕಲಿನವನು ಹೇಳಿದ್ದ.

"ಹೊಸ ಪೆಟ್ಟಿಗೆ ಬೇಕಾ? ಖಾಲಿ ಇರೋದು ಮೂರೇ."

"ಹದಿನಾಲ್ಕರವರು ಬೇಕಿತ್ತು."

"ಅವರು ಪೆಟ್ಟಿಗೇಲಿ ಮಲಗಿರಲ್ಲಮ್ಮಾ."

"ಅವರು ಯಾರು ಅಂತ ಹೇಳಿದ್ರೆ ಸಾಕು."

ಪೆಟ್ಟಿಗೆಯಮ್ಮ ಕನ್ನಡಕ ಏರಿಸಿ ಅವಳನ್ನು ಮೇಲಿಂದ ಕೆಳಗೆ ಅಳೆದಳು. "ಪೊಲೀಸಾ?"

"ಗ್ರಂಥಾಲಯದವಳು."

"ಹಾಗಾದ್ರೆ ನಿಮಗೇ ಗೊತ್ತಿರಬೇಕು. ನಾನು ಯಾರ ಕಾಗದ ಯಾರಿಗೆ ಬಂತು ಅಂತ ನೋಡಲ್ಲ, ಒಡೆಯಲ್ಲ, ಬಾಯಿ ಬಿಡಲ್ಲ. ಗಂಡನಿಗೆ ಹೆದರಿ ಓಡಿ ಬಂದವರ ಕಾಗದವೂ ಇಲ್ಲಿ ಬರುತ್ತೆ. ಒಬ್ಬರದು ಹೇಳಿದ್ರೆ ಎಲ್ಲರದೂ ಹೇಳಿದ ಹಾಗೆ."

ಒಂದು ಗಂಟೆಯ ಹಿಂದೆ ತಮ್ಮನ ಕೈಗೆ ಹೊಡೆದು ಚೀಟಿಯಕ್ಕ ಆಡಿದ ಮಾತೇ ಈ ತಗಡಿನ ಗೋಡೆಗೆ ಬಡಿದು ವಾಪಸು ಬಂದಿತ್ತು. ಆದರೆ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

"ನಿಮ್ಮ ಈ ಪೆಟ್ಟಿಗೆಯಿಂದ ನನ್ನ ತಮ್ಮ ಇವತ್ತು ಜೈಲಿಗೆ ಹೋಗ್ತಾನೆ."

"ಪೆಟ್ಟಿಗೆ ಯಾರನ್ನೂ ಜೈಲಿಗೆ ಕಳಿಸಲ್ಲ."

"ಕಳಿಸುತ್ತೆ!" ಅವಳ ದನಿ ಏರಿತು. "ಓಡಿ ಬಂದ ಹೆಂಗಸು ತನ್ನನ್ನ ಮುಚ್ಕೊಳ್ಳೋಕೆ ನಿಮ್ಮ ಪೆಟ್ಟಿಗೆ ತಗೋತಾಳೆ. ಹದಿನಾಲ್ಕರವರು ಇಲ್ಲದೇ ಇರೋ ಸಾವಿರ ಜನ ಇದಾರೆ ಅಂತ ತೋರಿಸೋಕೆ ತಗೊಂಡಿದಾರೆ. ಇವೆರಡೂ ಒಂದೇನಾ ನಿಮಗೆ? ಹದಿನೆಂಟು ವರ್ಷ ಕಂಬ ಹತ್ತಿದ ಮನುಷ್ಯನನ್ನ ಸುಳ್ಳ ಅಂತಾರೆ. ಈ ತಗಡನ್ನ ಸತ್ಯವಂತ ಅಂತಾರೆ. ಯಾಕೆ? ತಗಡಿಗೆ ವಿಳಾಸ ಇದೆ ಅಂತ!"

ಪೆಟ್ಟಿಗೆಯಮ್ಮ ಕೈಯಲ್ಲಿದ್ದ ಕಾಗದವನ್ನು ಎರಡು ಸಲ ತಿರುಗಿಸಿದಳು.

"ನಾನು ಹೆಸರು ಹೇಳಲ್ಲ," ಎಂದಳು ಕೊನೆಗೆ, ಮೊದಲಿಗಿಂತ ಮೆತ್ತಗೆ. "ನನಗೆ ನಿಜವಾಗಲೂ ಗೊತ್ತೂ ಇಲ್ಲ. ಆರು ವಾರದ ಹಿಂದೆ ತಗೊಂಡ್ರು. ಎರಡು ಸಲ ಬಂದಿದ್ರು. ನಿಮ್ಮ ತಮ್ಮನಿಗೆ ಒಳ್ಳೇದಾಗಲಿ. ಹೋಗಿ ಬನ್ನಿ."

ಚೀಟಿಯಕ್ಕ ತಲೆ ತಗ್ಗಿಸಿದಳು. ಹಾಗೆ ತಗ್ಗಿಸಿದ್ದಕ್ಕೇ ಅದು ಕಣ್ಣಿಗೆ ಬಿತ್ತು.

ಮೇಜಿನ ಒಂದು ಕಾಲು ಗಿಡ್ಡ. ಅಲುಗಾಡದಿರಲೆಂದು ಅದರಡಿಗೆ ಮಡಿಸಿದ ದಪ್ಪ ಕಾಗದದ ಒತ್ತು ಕೊಟ್ಟಿದ್ದರು. ಹೊರಗೆ ಚಾಚಿದ್ದ ಅಂಚಿನಲ್ಲಿ ಒಂದು ಅರ್ಧಚಂದ್ರ. ಕತ್ತರಿ ತೂತಿನ ನಡುವೆ ಹಾದು ಹೋದಾಗ ಉಳಿಯುವಂಥದು.

"ಇದು... ಇದು ಎಲ್ಲಿ ಸಿಕ್ಕಿತು?"

"ಅದಾ? ಹದಿನಾಲ್ಕರವರು ಇಲ್ಲೇ ನಿಂತು ಏನೋ ಬರೆದು, ಬಿಟ್ಟು ಹೋಗಿದ್ರು. ಮೇಜು ಅಲ್ಲಾಡ್ತಿತ್ತು, ಇಟ್ಕೊಂಡೆ." ಪೆಟ್ಟಿಗೆಯಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಅದು ಕಾಗದ ಅಲ್ಲ ಬಿಡಿ. ಕಾಗದ ಅಂದ್ರೆ ಲಕೋಟೆ ಇರಬೇಕು. ಇದು ಕಸ. ಕಸದ ಬಗ್ಗೆ ನಾನು ಯಾರಿಗೂ ಮಾತು ಕೊಟ್ಟಿಲ್ಲ."

ಚೀಟಿಯಕ್ಕ ಮಂಡಿಯೂರಿ ಅದನ್ನು ಎಳೆದಳು. ಮೇಜು ವಾಲಿತು. ಕಾಗದಗಳು ಜಾರಿ ಒಂದೊಂದಾಗಿ ನೆಲಕ್ಕೆ ಬಿದ್ದವು. ಅವಳು ಮಡಿಕೆ ಬಿಡಿಸಿದಳು.

ಒಂದು ಬದಿಯಲ್ಲಿ ಹಳೆಯ ಪುಸ್ತಕವೊಂದರ ಅರ್ಧ ಹೆಸರು. ಇನ್ನೊಂದು ಬದಿಯಲ್ಲಿ ಹಸಿರು ಶಾಯಿ.

ಹೇಳಿದವರು: ಬಳಕೆದಾರರ ಕೂಟ. ಕಂಡರೋ, ಕೇಳಿದರೋ: ಕಂಡರು, ಗ್ರಂಥಾಲಯದಲ್ಲಿ, ಮೂರು ದಿನ. ಇನ್ನೊಬ್ಬರು ಕಂಡರೋ: ಏಳು ಜನ ಸಾಕು.

ಮೂರನೆಯ ಪ್ರಶ್ನೆಯ ಮುಂದೆ, ಯಾರ ಅನ್ನ ಎನ್ನುವಲ್ಲಿ, ಏನೂ ಬರೆದಿರಲಿಲ್ಲ. ಪೆನ್ನು ಬಹಳ ಹೊತ್ತು ಅಲ್ಲೇ ನಿಂತು ಶಾಯಿ ಊರಿ ಒಂದು ಹಸಿರು ಬೊಟ್ಟಾಗಿತ್ತು.

ಯಾರೋ ಕಟ್ಟಿದ ಸುಳ್ಳು ಆಮೇಲೆ ಅವಳ ನಾಲ್ಕು ಪ್ರಶ್ನೆಗೆ ಸಿಕ್ಕಿಬಿದ್ದದ್ದಲ್ಲ ಇದು. ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಅವಳು ಎಲ್ಲೆಲ್ಲಿ ಕೈಯಾಡಿಸುತ್ತಾಳೆಂದು ತಿಳಿದು, ಆ ಅಳತೆಗೇ ಸುಳ್ಳನ್ನು ಹೊಲಿದಿದ್ದರು.

ಈ ಚೀಟಿ ಇದ್ದದ್ದು ಓದುಕೂಟದ ಎಂಟು ಜನರ ಬಳಿ. ಹಸಿರು ಶಾಯಿಯಲ್ಲಿ ಬರೆಯುವವರು ಆ ಎಂಟರಲ್ಲಿ ಒಬ್ಬರೇ. ಅವಳು ಬರೆದ ಮೊದಲ ಲೇಖನದ ಅಂಚಿನಲ್ಲಿ 'ಇನ್ನಷ್ಟು ಸಿಟ್ಟಿರಲಿ ಮಗೂ' ಎಂದು ಬರೆದದ್ದು ಇದೇ ಶಾಯಿ. ಚೀಟಿಯ ಸಾಲುಗಳು ಬಲಕ್ಕೆ ಹೋಗುತ್ತ ಮೇಲೇರಿದ್ದವು. ಕಣ್ಣಿನ ಆಪರೇಷನ್ ಆದ ಮೇಲೆ ಅವರ ಸಾಲು ಹೀಗೆ ಏರುತ್ತದೆ. ಅದಕ್ಕೆ ಮೊದಲು ಅಳತೆಪಟ್ಟಿ ಹಿಡಿದು ಎಳೆದಂತಿರುತ್ತಿತ್ತು.

ಊರಿನ ಎಲ್ಲರ ಮೇಲೂ ಅವಳು ಒಂದಲ್ಲ ಒಂದು ದಿನ ಚೀಟಿ ಬರೆದಿದ್ದಳು. ಮೇಷ್ಟ್ರ ಮೇಲೆ ಬರೆದಿರಲಿಲ್ಲ. ಬರೆಯಬೇಕೆಂದು ಹೊಳೆದೇ ಇರಲಿಲ್ಲ.

ತಮ್ಮನ ಹಾಳೆಯಲ್ಲಿ ಹದಿಮೂರು ಎಂದಿತ್ತು, ಅದಕ್ಕೆ ಅವರು ಹನ್ನೆರಡರಿಂದ ಹದಿನಾಲ್ಕು ಆರಿಸಿಕೊಂಡರು. ಜಾಗ ಅವಳದ್ದೇ ಆದರೆ ಅವಳು ಒಪ್ಪಿಬಿಡುತ್ತಾಳೆ ಎಂದುಕೊಂಡರು. ಬೀಗ ಬಿದ್ದಿತ್ತೆಂದು ಮಾತ್ರ ತಿಳಿಯಲಿಲ್ಲ. ಯಾಕೆಂದರೆ ಅವರ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಅವರಿಗೆ ನೋವಾಗದಿರಲಿ ಎಂದು ಅವಳೂ ಬಾಯಿ ಮುಚ್ಚಿದ್ದಳು.

ಇವತ್ತು ಬಾಯಿ ಬಿಟ್ಟಿದ್ದಳು. ಬಿಟ್ಟು, ಇದ್ದೊಂದು ಪುರಾವೆಯನ್ನು ತಮ್ಮನ ಚೀಲಕ್ಕೆ ಹಾಕಿ ಅವರ ಕೈಗೇ ಕಳಿಸಿದ್ದಳು.

"ಏನಮ್ಮಾ, ಮುಖ ಬಿಳಿಚಿಕೊಂಡಿತು? ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಫೋನು ತೆಗೆದು ಆ ಪುಕ್ಕಟೆ ಆ್ಯಪು ತೆರೆದಳು. ತಮ್ಮನ ಮೆಸೇಜು ಏನೂ ಬಂದಿರಲಿಲ್ಲ. 'ಕೊಡಬೇಡ' ಎಂದು ಬೆರಳೊತ್ತಿದಳು. 'ಮೇಷ್ಟ್ರಿಗೆ ರಿಜಿಸ್ಟರ್ ಕೊಡಬೇಡ. ವಾಪಸ್ ಬಾ.' ಕಳಿಸಿದಳು.

ಮೆಸೇಜಿನ ಪಕ್ಕದಲ್ಲಿ ಸಣ್ಣ ಚಕ್ರವೊಂದು ತಿರುಗತೊಡಗಿತು.

ತಿರುಗಿತು. ತಿರುಗುತ್ತಲೇ ಇತ್ತು.

ಅದರ ಮೇಲ್ಗಡೆ ಕಂಪನಿಯ ಜಾಹೀರಾತು ಒಂದಿಷ್ಟೂ ಎಡವದೆ ಓಡುತ್ತಿತ್ತು. ಹೂವಿನ ತೋಟದಲ್ಲಿ ಒಂದು ಕುಟುಂಬ, ಎಲ್ಲರ ಕೈಯಲ್ಲೂ ಫೋನು, ನೀರಿನಷ್ಟು ತಿಳಿಯಾದ ಚಿತ್ರ. ಒಂದೊಂದು ಎಲೆಯೂ ಕಾಣುತ್ತಿತ್ತು.

"ಹೋಗು, ಹೋಗು, ಹೋಗು," ಎಂದು ಅವಳು ಚಕ್ರವನ್ನು ಬೇಡಿಕೊಂಡಳು. ಕಿಟಕಿಗೆ ಹೋದಳು. ಮೆಟ್ಟಿಲಿಗೆ ಬಂದಳು. ಫೋನನ್ನು ತಲೆಯ ಮೇಲೆತ್ತಿ ಹಿಡಿದಳು. ಆಯೋಗದ ಕಚೇರಿಗೆ ಇಲ್ಲಿಂದ ಎರಡು ಬಸ್ಸು ಬದಲಾಯಿಸಬೇಕು, ಏನಿಲ್ಲವೆಂದರೂ ನಲವತ್ತು ನಿಮಿಷ.

"ನನ್ನ ಪೆಟ್ಟಿಗೇಲಿ ಹಾಕಿದ್ರೂ ಇಷ್ಟೊತ್ತಿಗೆ ತಲುಪ್ತಿತ್ತು," ಎಂದಳು ಪೆಟ್ಟಿಗೆಯಮ್ಮ, ನಗಿಸಲೆಂದು. ಯಾರೂ ನಗಲಿಲ್ಲ.

ಫೋನು ಕೈಯಲ್ಲೇ ರಿಂಗಾಯಿತು. ಆಯೋಗದ ಕಚೇರಿಯ ನಂಬರು.

"ಮಗೂ," ಎಂದಿತು ಆ ದನಿ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಧೈರ್ಯ ತುಂಬುತ್ತಿದ್ದ ದನಿ, ಇವತ್ತೂ ಅಷ್ಟೇ ಮೆದುವಾಗಿತ್ತು. "ನಿನ್ನ ತಮ್ಮ ಬಂದ. ಹೊರಗೆ ಬೆಂಚಿನ ಮೇಲೆ ಕೂರಿಸಿದೀನಿ. ಪಾಪ, ಅವನ ಕಾಲು ಒಂದೇ ಸಮ ಆಡ್ತಿದೆ."

"ರಿಜಿಸ್ಟರು?"

"ನನ್ನ ಮುಂದೇ ಇದೆ."

ಹಾಳೆ ಮಗುಚಿದ ಸದ್ದು. ಪೆಟ್ಟಿಗೆಯಮ್ಮ ಹತ್ತಿರ ಬಂದು ನಿಂತು ಕಿವಿಗೊಟ್ಟಿದ್ದಳು. ಚೀಟಿಯಕ್ಕ ಫೋನನ್ನು ಕಿವಿಯಿಂದ ಒಂದು ಬೆರಳಿನಷ್ಟು ದೂರ ಹಿಡಿದಳು, ತನಗೇ ತಿಳಿಯದೆ.

"ಮೂರು ಸಾಲು, ಎರಡು ಸಹಿ," ಎಂದರು ಮೇಷ್ಟ್ರು. "ಅಚ್ಚುಕಟ್ಟಾಗಿ ಬರೆದಿದೀಯ. ನಾನು ಕಲಿಸಿದ ಹಾಗೇ." ಅವರು ಕೆಮ್ಮಿದರು. "ಆಗಲೇ ಹೇಳಬಾರದಿತ್ತಾ ನನಗೆ? ಆಸ್ಪತ್ರೇಲಿ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಹೂಂ. ಒಳ್ಳೇ ಮನಸ್ಸು ನಿಂದು." ಮತ್ತೆ ಹಾಳೆಯ ಸದ್ದು. "ಒಂದು ಕೆಲಸ ಉಳಿದಿದೆ ಮಗೂ. ನಾಲ್ಕನೇ ಪ್ರಶ್ನೆ. ನಿನ್ನನ್ನೂ ನಿನ್ನ ತಮ್ಮನನ್ನೂ ಬಿಟ್ಟು, ಈ ಪುಟವನ್ನ ಇನ್ನೊಬ್ಬರು ಯಾರಾದರೂ ಕಂಡಿದಾರಾ?"

ಇಲ್ಲ ಎಂದರೆ ಆ ಪುಟ ನಾಲ್ಕು ಗಂಟೆಯವರೆಗೆ ಉಳಿಯುವುದಿಲ್ಲ. ತಮ್ಮ ಬೆಂಚಿನಿಂದೆದ್ದು ನೇರ ಜೀಪು ಹತ್ತುತ್ತಾನೆ.

"ಕಂಡಿದಾರೆ ಮೇಷ್ಟ್ರೇ," ಎಂದಳು.

ಅವರಿಗೆ ಅವಳು ಹೇಳಿದ ಮೊದಲ ಸುಳ್ಳು. ನಾಲಿಗೆಗೆ ತಗಡಿನ ರುಚಿ ಬಂತು.

"ಯಾರು?"

ಅವಳ ಬಳಿ ಹೆಸರಿರಲಿಲ್ಲ. ಚಕ್ರ ತಿರುಗುತ್ತಿತ್ತು.

ಪೆಟ್ಟಿಗೆಯಮ್ಮ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಫೋನಿಗೆ ಕೈ ಚಾಚಿದಳು.

"ಕೊಡಿ ಇಲ್ಲಿ," ಎಂದು ಪಿಸುಗುಟ್ಟಿದಳು. "ಇಲ್ಲದವರನ್ನ ಇದಾರೆ ಅಂತ ತೋರಿಸೋದೇ ನನ್ನ ಕಸುಬು."